ಸ್ಟ್ರಿಪ್‌ನಲ್ಲಿ ಉಳಿದ ಎಂಟು ಮಾತ್ರೆ

ಪ್ರಶ್ನೆ: ನನ್ನ ಮಗ ಕಟ್ಟಡದ ಕೆಲಸದಲ್ಲಿ ಸೂಪರ್‌ವೈಸರ್. ಐದು ತಿಂಗಳಲ್ಲಿ ಎರಡನೇ ಸಲ ಅವನಿಗೆ ವೈವಾಕ್ಸ್ ಮಲೇರಿಯಾ ಬಂದಿದೆ. ಕಳೆದ ಸಲ ಮೂರು ದಿನದ ಮಾತ್ರೆಗೆ ಜ್ವರ ಬಿಟ್ಟಿತು. ಹದಿನಾಲ್ಕು ದಿನ ನುಂಗಬೇಕಿದ್ದ ಇನ್ನೊಂದು ಮಾತ್ರೆಯನ್ನು ಹೊಟ್ಟೆ ಉರಿಯುತ್ತದೆಂದು ಆರು ದಿನಕ್ಕೇ ನಿಲ್ಲಿಸಿದ. ಈಗ ಮತ್ತೆ ಅದನ್ನೇ ಬರೆದುಕೊಟ್ಟಿದ್ದಾರೆ. ಪಕ್ಕದ ಮನೆಯವರು ‘ಅದು ರಕ್ತ ಸುಡುವ ಮಾತ್ರೆ, ಮೂತ್ರ ಕಪ್ಪಾಗುತ್ತದೆ’ ಎನ್ನುತ್ತಾರೆ. ನಿನ್ನೆಯಿಂದ ಸೊಸೆಗೂ ಚಳಿ, ಜ್ವರ. ಅವಳಿಗೆ ಮೂರು ತಿಂಗಳ ಕೂಸಿದೆ. ಮಗನ ಸ್ಟ್ರಿಪ್‌ನಲ್ಲಿ ಎಂಟು ಮಾತ್ರೆ ಉಳಿದಿವೆ. ಅವಳಿಗೆ ಕೊಡಬಹುದೇ?
— ಹೆಸರು ಬೇಡ, ಮಂಗಳೂರು

ಅಮ್ಮಾ, ಕೊಡಬೇಡಿ. ಇದನ್ನು ಓದುವಾಗಲೂ ಸೊಸೆಯ ರಕ್ತಪರೀಕ್ಷೆ ಆಗಿರದಿದ್ದರೆ ಮೊದಲು ಅವಳನ್ನು ಕರೆದುಕೊಂಡು ಹೊರಡಿ, ಉಳಿದದ್ದನ್ನು ಬಂದು ಓದಬಹುದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡಿಲ್ಲ. ಮಗನಿಗೆ ವೈವಾಕ್ಸ್ ಎಂದಮಾತ್ರಕ್ಕೆ ಅವಳದ್ದೂ ಅದೇ ಆಗಬೇಕೆಂದಿಲ್ಲ. ಫಾಲ್ಸಿಪಾರಂ ಎಂಬ ಇನ್ನೊಂದು ಮಲೇರಿಯಾಕ್ಕೆ ಔಷಧವೇ ಬೇರೆ, ಅದರಲ್ಲಿ ಒಂದೆರಡು ದಿನ ತಡವಾದರೂ ಜೀವಕ್ಕೆ ಅಪಾಯ. ಅವಳಿಗೆ ಮಂಪರು ಕವಿದರೆ, ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದರೆ, ಉಸಿರು ಮೇಲೆಳೆದರೆ, ಫಿಟ್ಸ್ ಬಂದರೆ ನೇರ ದೊಡ್ಡ ಆಸ್ಪತ್ರೆಗೇ ಹೋಗಿ.

ಉಳಿದಿರುವ ಆ ಎಂಟು ಪ್ರೈಮಾಕ್ವಿನ್ ಮಾತ್ರೆಯೇ ಅಲ್ಲವೇ? ಗರ್ಭಿಣಿಯರಿಗೂ ವರ್ಷ ತುಂಬದ ಮಕ್ಕಳಿಗೂ ಅದನ್ನು ಕೊಡುವುದಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವ ತಾಯಿಗೆ ಕೂಸಿನ ರಕ್ತ ನೋಡದೆ ಕೊಡಬಾರದು. ನಿಮ್ಮ ಸೊಸೆಗೆ ವೈವಾಕ್ಸೇ ಇದ್ದರೂ ಕ್ಲೋರೋಕ್ವಿನ್ ಕೊಡಬಹುದು, ಹಾಲು ನಿಲ್ಲಿಸಬೇಕಿಲ್ಲ. ಪ್ರೈಮಾಕ್ವಿನ್ ಯಾವಾಗ ಎಂಬುದನ್ನು ಡಾಕ್ಟರು ಆಮೇಲೆ ಹೇಳುತ್ತಾರೆ. ಆದರೆ ಕೂಸಿನ ವಯಸ್ಸನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಗಡಿಬಿಡಿಯ ಓಪಿಡಿಯಲ್ಲಿ ಯಾರೂ ಕೇಳದೆ ಹೋಗಬಹುದು.

ಇನ್ನು ಮಗನ ವಿಷಯ. ಮೂರು ದಿನದ ಕಹಿ ಮಾತ್ರೆ ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ. ಜ್ವರ ಬಿಡುವುದು ಅದರಿಂದ. ವೈವಾಕ್ಸ್‌ನ ರೋಗಾಣು ಮಾತ್ರ ಒಂದಷ್ಟು ಪಾಲು ಯಕೃತ್ತಿನಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಅಲ್ಲಿಗೆ ಕ್ಲೋರೋಕ್ವಿನ್ ತಟ್ಟುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದು ಎದ್ದು ಬಂದರೆ ಹೊಸ ಸೊಳ್ಳೆ ಕಚ್ಚದೆಯೂ ಮತ್ತೆ ಚಳಿಜ್ವರ. ಮಲಗಿದ್ದನ್ನು ಕೊಲ್ಲುವುದಕ್ಕೇ ಹದಿನಾಲ್ಕು ದಿನದ ಪ್ರೈಮಾಕ್ವಿನ್. ಈ ಸಲದ ಜ್ವರ ಹಳೆಯದೇ ಎದ್ದದ್ದೋ, ಕೆಲಸದ ಜಾಗದಲ್ಲಿ ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರಿನ ಸೊಳ್ಳೆ ಕೊಟ್ಟದ್ದೋ, ರಕ್ತ ನೋಡಿ ಹೇಳಲಾಗದು. ಎರಡಕ್ಕೂ ಔಷಧ ಒಂದೇ. ಹಿಂದೆ ನುಂಗಿದ ಆರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಂದರಿಂದ ಶುರುಮಾಡಿ ಹದಿನಾಲ್ಕೂ ಆಗಬೇಕು.

ಪಕ್ಕದ ಮನೆಯವರ ಮಾತನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ವರ್ಷಗಳ ಹಿಂದೆ ಟೈಲ್ಸ್ ಕೆಲಸದ ಹುಡುಗನೊಬ್ಬ ನೀರಿನ ಬಾಟಲಿಯಲ್ಲಿ ತನ್ನ ಮೂತ್ರ ತುಂಬಿ ತಂದು ನನ್ನ ಮೇಜಿನ ಮೇಲಿಟ್ಟ. ಹಾಲು ಹಾಕದ ಕಣ್ಣ ಚಾದ ಬಣ್ಣ. ಕಣ್ಣಿನ ಬಿಳಿ ಅರಸಿನವಾಗಿತ್ತು, ಉಗುರಲ್ಲಿ ರಕ್ತವೇ ಇರಲಿಲ್ಲ. ಪ್ರೈಮಾಕ್ವಿನ್ ಶುರುಮಾಡಿ ನಾಲ್ಕು ದಿನ. ‘ಕೋರ್ಸ್ ಮುಗಿಸಲೇಬೇಕು ಅಂದಿದ್ದರು, ಹಾಗಾಗಿ ಇವತ್ತೂ ನುಂಗಿದೆ ಡಾಕ್ಟ್ರೇ’ ಎಂದ. ಅವನು ಬದುಕಿದ, ರಕ್ತ ಕೊಡಬೇಕಾಯಿತು. ಮಾತ್ರೆ ಮುಗಿಸು ಎಂದು ಹೇಳಿಕಳಿಸಿದವರು ಯಾವಾಗ ನಿಲ್ಲಿಸಬೇಕೆಂದು ಹೇಳಿರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ.

ಅವನಿಗಿದ್ದದ್ದು ಜಿ6ಪಿಡಿ ಕೊರತೆ. ಕೆಂಪು ರಕ್ತಕಣವನ್ನು ಕಾಪಾಡುವ ಕಿಣ್ವವೊಂದು ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ತಾಯಿಯಿಂದ ಬರುವ ಈ ಗುಣ ಗಂಡುಮಕ್ಕಳಲ್ಲಿ ಹೆಚ್ಚು ಕಾಣಿಸುತ್ತದೆ. ಅಂಥವರು ಪ್ರೈಮಾಕ್ವಿನ್ ನುಂಗಿದರೆ ರಕ್ತಕಣ ಒಡೆಯುತ್ತವೆ. ಈ ಕೊರತೆ 1956ರಲ್ಲಿ ಪತ್ತೆಯಾದದ್ದೂ ಇದೇ ಮಾತ್ರೆ ಕೆಲವರ ರಕ್ತವನ್ನು ಯಾಕೆ ಒಡೆಯುತ್ತದೆಂದು ಅಮೆರಿಕದಲ್ಲಿ ಹುಡುಕುತ್ತಿದ್ದಾಗ. ಹೆಚ್ಚಿನ ಜನರಿಗೆ ಈ ತೊಂದರೆ ಇಲ್ಲ. ಆದರೂ ನುಂಗುವ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಕಳೆದ ಸಲ ಆರು ದಿನ ನುಂಗಿದಾಗ ಏನೂ ಆಗಿರದಿದ್ದರೆ ಅದು ಸ್ವಲ್ಪ ಧೈರ್ಯದ ಮಾತೇ, ಆದರೆ ಆಗ ಮೂತ್ರದ ಬಣ್ಣವನ್ನು ಯಾರಾದರೂ ನೋಡಿದ್ದರೇ? ಕೊರತೆ ಇದೆಯೆಂದಾದರೂ ದಾರಿ ಮುಚ್ಚಿಹೋಗುವುದಿಲ್ಲ. ಡಾಕ್ಟರ ಕಣ್ಣಳತೆಯಲ್ಲಿ ವಾರಕ್ಕೊಂದು ಸಲದಂತೆ ಎಂಟು ವಾರ ಕೊಡುವ ಕ್ರಮವಿದೆ.

ಮಗನಿಗೆ ದಿನಾ ಮೂತ್ರ ನೋಡಿಕೊಳ್ಳಲು ಹೇಳಿ. ಜ್ವರದಲ್ಲಿ ನೀರು ಕಡಿಮೆಯಾಗಿ ಗಾಢ ಹಳದಿಯಾಗುವುದುಂಟು, ಎರಡು ಚೆಂಬು ನೀರು ಕುಡಿದರೆ ತಿಳಿಯಾಗುತ್ತದೆ. ತಿಳಿಯಾಗದೆ ಚಾ ಬಣ್ಣಕ್ಕೋ ಕೆಂಪಿಗೋ ತಿರುಗಿದರೆ, ಕಣ್ಣು ಹಳದಿಯಾದರೆ, ತುಟಿ ನೀಲಿಗಟ್ಟಿದರೆ, ಮೆಟ್ಟಿಲು ಹತ್ತಲಾಗದಷ್ಟು ಏದುಸಿರು ಬಂದರೆ ಮುಂದಿನ ಮಾತ್ರೆ ನುಂಗದೆ ಅವತ್ತೇ ಆಸ್ಪತ್ರೆಗೆ ಬರಬೇಕು. ಹೊಟ್ಟೆ ಉರಿಗೆ ಮಾತ್ರ ನಿಲ್ಲಿಸುವ ಕಾರಣವಿಲ್ಲ. ಅವನು ಬೆಳಿಗ್ಗೆ ಬರೀ ಚಾ ಕುಡಿದು ನುಂಗಿ ಕೆಲಸಕ್ಕೆ ಓಡುತ್ತಿದ್ದನೇನೋ. ಗಂಜಿಯೋ ಅನ್ನವೋ ಹೊಟ್ಟೆ ತುಂಬ ಉಂಡ ಮೇಲೆ ನುಂಗಲಿ, ರಾತ್ರಿ ಊಟದ ನಂತರವಾದರೂ ಸರಿ, ದಿನಾ ಅದೇ ಹೊತ್ತಾಗಿರಲಿ. ಗ್ಯಾಸಿನ ಸಿರಪ್ಪನ್ನು ಕ್ಲೋರೋಕ್ವಿನ್ ಜೊತೆಗೆ ಕುಡಿದರೆ ಮಾತ್ರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ, ನಡುವೆ ನಾಲ್ಕು ಗಂಟೆ ಬಿಡಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಡೋಸ್ ಮತ್ತೆ ಬೇಕಾಗುತ್ತದೆ, ಆಶಾ ಕಾರ್ಯಕರ್ತೆಗೆ ತಿಳಿಸಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದು ಬೇಡ, ಒಂದು ದಿನ ಮುಂದಕ್ಕೆ ಹೋಗಲಿ. ಹೃದಯದ ಬಡಿತಕ್ಕೋ ಫಿಟ್ಸಿಗೋ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಕ್ಲೋರೋಕ್ವಿನ್‌ಗೆ ಮೊದಲೇ ಹೇಳಬೇಕು.

ಮಾತ್ರೆಯನ್ನು ಊಟದ ಮೇಜಿನ ಮೇಲೆ ಬಿಡಬೇಡಿ. ನಾಳೆ ಕೂಸು ಅಂಬೆಗಾಲಿಡುತ್ತದೆ, ಬಂಧುಗಳ ಮಕ್ಕಳು ಬರುತ್ತಾರೆ. ಪುಟ್ಟ ಮಕ್ಕಳಿಗೆ ಒಂದೆರಡು ಕ್ಲೋರೋಕ್ವಿನ್ ಮಾತ್ರೆಯೇ ಪ್ರಾಣಾಪಾಯ ತರಬಹುದು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಮಗ ಪ್ರೈಮಾಕ್ವಿನ್ ಶುರುಮಾಡುವ ದಿನದ ಚೌಕಕ್ಕೆ 1 ಎಂದು ಬರೆಯಿರಿ. ದಿನಾ ಮಾತ್ರೆ ನುಂಗಿ, ಮೂತ್ರದ ಬಣ್ಣ ಸರಿ ಇದೆ ಎಂದು ಮಗ ಹೇಳಿದ ಮೇಲೆಯೇ ಆ ದಿನದ ಸಂಖ್ಯೆಗೆ ಗೆರೆ ಎಳೆಯಿರಿ. ಸೊಸೆಯ ಜೊತೆ ಹೊರಡುವಾಗ ಹಳೆಯ ಸ್ಟ್ರಿಪ್ಪನ್ನೂ ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರಿಗೆ ತೋರಿಸಿ, ಮಗ ಕಳೆದ ಸಲ ಎಲ್ಲಿಗೆ ನಿಲ್ಲಿಸಿದ್ದನೆಂದು ಹೇಳಿ, ಆ ಎಂಟು ಮಾತ್ರೆಗಳನ್ನು ಅಲ್ಲಿಯೇ ಕೊಟ್ಟು ಬನ್ನಿ.