ಅಣ್ಣನ ಬೆನ್ನುನೋವನ್ನು ಗಣಿಯ ಲೆಕ್ಕಕ್ಕೆ ಬರೆಯಬೇಡ

ಬಂಗಾರಪೇಟೆ



ಆಫೀಸಿನವರು ಮಾಡಿಸಿದ ಚೆಕಪ್‌ನಲ್ಲಿ ಪಿಎಸ್‌ಎ 5.1 ಬಂದಿದೆ, ನಿದ್ದೆಯೇ ಹತ್ತುತ್ತಿಲ್ಲ ಅಂತ ಬರೆದಿದ್ದೀಯ. ಕೊನೆಯಲ್ಲಿ ಒಂದು ಸಾಲು: ‘ಅಪ್ಪನಿಗೆ ಬೆನ್ನುನೋವು ಜಾಸ್ತಿಯಾಗಿದೆ, ಗಣಿ ಕೆಲಸದ್ದು.’ ನನಗೆ ದಿಗಿಲಾದದ್ದು ಆ ಸಾಲು ಓದಿ. ಇಂಥ ಅಪ್ಪಂದಿರು ಕೆಜಿಎಫ್‌ನ ಗಣಿ ಕಾರ್ಮಿಕರ ಲೈನುಗಳಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ. ಅದಕ್ಕೇ ನಾಲ್ಕು ಜನ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನಿನ್ನದು. ಪಿಎಸ್‌ಎ ಎನ್ನುವುದು ಪ್ರಾಸ್ಟೇಟ್ ಗ್ರಂಥಿ ಎಲ್ಲ ಗಂಡಸರಲ್ಲೂ ತಯಾರಿಸುವ ಒಂದು ಪ್ರೋಟೀನು. ವಯಸ್ಸಾಗಿ ಗ್ರಂಥಿ ದಪ್ಪಗಾದರೂ, ಮೂತ್ರದ ಸೋಂಕಾದರೂ, ಹಿಂದಿನ ರಾತ್ರಿ ಹೆಂಡತಿಯೊಡನೆ ಕೂಡಿದ್ದರೂ ಏರುತ್ತದೆ. 4 ದಾಟಿದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಕೆಲವು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸು. ಆಗಲೂ ಇಳಿಯದಿದ್ದರೆ ಯುರಾಲಜಿ ಡಾಕ್ಟರು ಬೆರಳು ಹಾಕಿ ನೋಡುತ್ತಾರೆ, ಎಂಆರ್‌ಐ ಮಾಡಿಸುತ್ತಾರೆ, ಬೇಕೆನಿಸಿದರೆ ಮಾತ್ರ ಬಯಾಪ್ಸಿ. ನಿಧಾನವಾಗಿ ಬೆಳೆಯುವ ಸಣ್ಣ ಗಂಟು ಸಿಕ್ಕಿದರೂ ಎಷ್ಟೋ ಸಲ ಆಪರೇಷನ್ ಮಾಡದೆ ಕಣ್ಣಿಟ್ಟು ಕಾಯುತ್ತಾರೆ. ಯುರೋಪಿನ ಅಧ್ಯಯನವೊಂದರಲ್ಲಿ 23 ವರ್ಷ ನೋಡಿದ ಮೇಲೆ ಸಿಕ್ಕ ಲೆಕ್ಕ ಇದು: 456 ಗಂಡಸರನ್ನು ಈ ಪರೀಕ್ಷೆಗೆ ಕರೆದರೆ ಪ್ರಾಸ್ಟೇಟ್ ಕ್ಯಾನ್ಸರಿನ ಒಂದು ಸಾವು ತಪ್ಪುತ್ತದೆ. ಉಳಿದ ಜೀವ ಸಣ್ಣದಲ್ಲ. ಆದರೆ ಬೇಕಿಲ್ಲದ ಆಪರೇಷನ್ನಿಗೆ ಒಳಗಾಗಿ ಮೂತ್ರದ ಹಿಡಿತ ಕಳೆದುಕೊಂಡವರೂ, ದಾಂಪತ್ಯದ ಸುಖ ಕಳೆದುಕೊಂಡವರೂ ಇದ್ದಾರೆ. ಆದ್ದರಿಂದ ನಿನಗೆ ಹೇಳುವುದು, ಅವಸರ ಬೇಡ.

ಆದರೆ ನಿಮ್ಮಪ್ಪನ, ಅಂದರೆ ನನ್ನ ಅಣ್ಣನ, ವಿಷಯದಲ್ಲಿ ಅವಸರ ಮಾಡು. ಎಪ್ಪತ್ತು ದಾಟಿದವರಿಗೆ ಈ ಪರೀಕ್ಷೆ ಬೇಡವೆಂದು ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಹೇಳಿದ್ದು ನಿಜ. ಅದು ಯಾವ ತೊಂದರೆಯೂ ಇಲ್ಲದವರಿಗೆ ಹೇಳಿದ ಮಾತು. ಹಬ್ಬಕ್ಕೆ ಬಂದಾಗ ನೋಡಿದೆನಲ್ಲ, ಅಣ್ಣ ರಾತ್ರಿಯೆಲ್ಲ ಎದ್ದೆದ್ದು ಒಂದಕ್ಕೆ ಹೋಗುತ್ತಿದ್ದ. ಮಲಗಿದರೂ ಬೆನ್ನು ಬಿಡುವುದಿಲ್ಲ ಅನ್ನುತ್ತಿದ್ದ. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಹೋಗಿ ಕೂರುವುದು ಬೆನ್ನುಮೂಳೆ, ಸೊಂಟದ ಮೂಳೆಗಳಲ್ಲೇ. ಅಣ್ಣನಿಗೆ ಅದೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ನೋಡಿಸದೆ ಇರಬೇಡ ಅನ್ನುತ್ತಿದ್ದೇನೆ. ಹರಡಿದ್ದರೂ ಹಾರ್ಮೋನ್ ಚಿಕಿತ್ಸೆಯಿಂದ ನೋವು ತಗ್ಗಿ ವರ್ಷಗಟ್ಟಲೆ ಬಾಳಿದವರಿದ್ದಾರೆ. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ ಮಾತ್ರ ಅಂದೇ ಆಸ್ಪತ್ರೆಗೆ ಸೇರಿಸಬೇಕು.

ಚಾಂಪಿಯನ್ ರೀಫಿನಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಊರು ನಮ್ಮದು. ಕೆಮ್ಮಿದರೆ ಕಲ್ಲುಧೂಳಿನ ಸಿಲಿಕೋಸಿಸ್, ಬೆನ್ನು ನೊಂದರೆ ಶಿಫ್ಟಿನ ಭಾರ. ಆ ಮಾತು ಬಹಳ ಸಲ ನಿಜವೂ ಆಗಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಬಂದ ನೋವಿಗೂ ಅದೇ ಕಾರಣ ಹೇಳಿಕೊಂಡು ಇಷ್ಟು ವರ್ಷ ಕಳೆದೆವು. ಮಗನ ಮುಂದೆ ಒಂದಕ್ಕೆ ಹೋಗುವ ಕಷ್ಟ ಹೇಳಿಕೊಳ್ಳುವವನಲ್ಲ ಅಣ್ಣ. ಅತ್ತಿಗೆಯನ್ನು ಕೇಳು, ಅವರಿಗೆ ಗೊತ್ತಿರುತ್ತದೆ.

ಬೆಳಗಿನ ಮಾರಿಕುಪ್ಪಂ ರೈಲಿನ ನೂಕುನುಗ್ಗಲಲ್ಲಿ ಅವನನ್ನು ಬೆಂಗಳೂರಿಗೆ ಎಳೆದೊಯ್ಯಬೇಡ. ಮೊದಲು ಕೋಲಾರದ ಟಮಕದ ಜಾಲಪ್ಪ ಆಸ್ಪತ್ರೆಯಲ್ಲಿ ತೋರಿಸು. ಮುಂದೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಹೊರಡುವಾಗ ಅವನು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗು. ಮೂತ್ರ ಸಲೀಸಾಗಲೆಂದು ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಡಾಕ್ಟರು ಕೇಳದಿದ್ದರೂ ನೀನೇ ಹೇಳು.

ಇತಿ,
ನಿನ್ನ ಚಿಕ್ಕಪ್ಪ