ಜಪದಲ್ಲಿ ಎದೆಬಡಿತ ಏರಿಳಿದರೆ ಮನಸ್ಸು ನಿಂತಿಲ್ಲವೆಂದೇ?

ಪ್ರಶ್ನೆ: ನಮ್ಮ ಯಜಮಾನರಿಗೆ ಮಗಳು ಎದೆಬಡಿತ ತೋರಿಸುವ ವಾಚ್ ಕೊಡಿಸಿದ್ದಾಳೆ. ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮ, ಗಾಯತ್ರಿ ಜಪ ಮಾಡುವಾಗ ಅದರಲ್ಲಿ ಬಡಿತ ಹತ್ತಿ ಇಳಿಯುತ್ತದೆ. "ನನಗೆ ಏಕಾಗ್ರತೆಯೇ ಬರ್ತಿಲ್ಲ" ಅಂತ ಬೇಸರಪಟ್ಟು ಜಪ ಬಿಟ್ಟಿದ್ದಾರೆ. ಏನು ಮಾಡೋಣ?
— ಓರ್ವ ಗೃಹಿಣಿ, ಬೆಂಗಳೂರು

ಉತ್ತರ: ಮೊದಲು ಈ ಪುಟವನ್ನು ಅವರಿಗೇ ಓದಲು ಕೊಡಿ ತಾಯಿ. ಎದೆಬಡಿತ ಗೋಡೆ ಗಡಿಯಾರದ ಟಿಕ್ ಟಿಕ್ ಅಲ್ಲ. ಉಸಿರೆಳೆದಾಗ ಅದು ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಪೂರಕ, ರೇಚಕಗಳು ನಿಧಾನವಾದಾಗ ಈ ಏರಿಳಿತ ಇನ್ನೂ ಎದ್ದು ಕಾಣುತ್ತದೆ. 1999ರಲ್ಲಿ ಅಮೆರಿಕದ ಸಿ.ಕೆ. ಪೆಂಗ್ ಮತ್ತು ಸಂಗಡಿಗರು ಕುಂಡಲಿನಿ ಯೋಗ ಹಾಗೂ ಚೀನೀ ಪದ್ಧತಿಯ ಧ್ಯಾನ ಮಾಡುವವರಲ್ಲಿ ಕಂಡದ್ದೂ ಇದನ್ನೇ. 2001ರಲ್ಲಿ ಇಟಲಿಯ ಬರ್ನಾರ್ಡಿಯವರ ತಂಡ 'ಓಂ ಮಣಿ ಪದ್ಮೇ ಓಂ' ಜಪದಲ್ಲೂ ಕ್ರೈಸ್ತರ ಜಪಸರದ ಪ್ರಾರ್ಥನೆಯಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುವುದನ್ನು ತೋರಿಸಿತು.

ಈ ಏರಿಳಿತದ ವಿನ್ಯಾಸ ನೋಡಲು ಈಗ 'ಜಾಲ' ಕಟ್ಟುವ ವಿಧಾನವೂ ಇದೆ. ಲಕಾಸಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು. ಒಂದು ಬಡಿತದಿಂದ ಮುಂದಿನದಕ್ಕಿರುವ ಅಂತರವನ್ನು ಒಂದು ಕಟ್ಟಡ ಅಂದುಕೊಳ್ಳಿ. ಅಂತರ ಹೆಚ್ಚಿದ್ದರೆ ಕಟ್ಟಡ ಎತ್ತರ. ಇವನ್ನು ಬೀದಿಯಲ್ಲಿ ಸಾಲಾಗಿ ನಿಲ್ಲಿಸಿ. ಒಂದು ತಾರಸಿಯಿಂದ ಇನ್ನೊಂದು ತಾರಸಿ ಅಡ್ಡಿಯಿಲ್ಲದೆ ಕಂಡರೆ ಎರಡಕ್ಕೂ ದಾರ ಕಟ್ಟಬೇಕು. ಎತ್ತರದ ಮನೆಗೆ ಸಾಮಾನ್ಯವಾಗಿ ಹೆಚ್ಚು ದಾರ, ತಗ್ಗಿನ ಮನೆಗೆ ಪಕ್ಕದವರಷ್ಟೇ. ಇಬ್ಬರ ಸರಾಸರಿ ಬಡಿತವೂ 72 ಇರಬಹುದು, ಆದರೂ ಜಾಲ ಬೇರೆ ಬೇರೆ ಬರುತ್ತದೆ. ಧ್ಯಾನಕ್ಕೆ ಮುಂಚೆ ಮತ್ತು ಧ್ಯಾನದಲ್ಲಿ ದಾರಗಳ ಹಂಚಿಕೆ ಹೇಗೆ ಬದಲಾಯಿತೆಂದು ಸಂಶೋಧಕರು ಹೋಲಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಅವರು ಅಳೆಯುವುದು ಹೃದಯದ ಲಯವನ್ನು, ಭಕ್ತಿಯನ್ನಲ್ಲ! ಹಾಗಿರುವಾಗ ವಾಚ್ ನೋಡಿ ಏಕಾಗ್ರತೆಗೆ ಅಂಕ ಹಾಕಿಕೊಳ್ಳುವುದು ಯಾವ ನ್ಯಾಯ?

ವಾಚ್ ಕಟ್ಟಿದರೆ ದೋಷವೆಂದು ನಾನು ಹೇಳುವುದಿಲ್ಲ. ಆದರೆ ಕಣ್ಣು ಪದೇಪದೇ ಅಲ್ಲಿಗೇ ಹೋಗುತ್ತಿದ್ದರೆ ಆಚಮನಕ್ಕೆ ಮುಂಚೆ ಬಿಚ್ಚಿಡಲಿ. 108 ಕಷ್ಟವೆನಿಸಿದರೆ 10 ಗಾಯತ್ರಿಯಿಂದ ನಾಳೆಯೇ ಮತ್ತೆ ಶುರು ಮಾಡಲಿ.

ಇನ್ನೊಂದು ಮಾತು. ಬಿ.ಪಿ. ಅಥವಾ ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಕುಂಭಕ ಬೇಡ. ಉಸಿರು ಹಿಡಿಯದೆ ಮೆಲ್ಲಗೆ ಎಳೆದು ಬಿಡುತ್ತಾ ಮಂತ್ರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲಿ. ಉಸಿರಿಗೆ ಸಂಬಂಧವಿಲ್ಲದೆ ಬಡಿತ ತಪ್ಪಿದಂತಾದರೆ, ವಾಚ್ ಲಯ ತಪ್ಪಿದೆಯೆಂದು ಎಚ್ಚರಿಸಿದರೆ ಇ.ಸಿ.ಜಿ. ಮಾಡಿಸಿ. ತಲೆಸುತ್ತು, ಎದೆನೋವು ಬಂದರಂತೂ ಜಪ ಮುಗಿಯಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.