ಹವಳದ ಟ್ಯಾಂಕಿಗೆ ಎಷ್ಟು ಬೆಳಕು, ಎಷ್ಟು ಹೊತ್ತು?

ನಂಜನಗೂಡು ಸೀಮೆಯ ಕವಲಂದೆಯಿಂದ ಕಡಲು ದೂರ. ಆದರೆ ಭೂಪಟದಲ್ಲಿ ಅಕ್ಷಾಂಶದ ಗೆರೆ ಹಿಡಿದು ನೋಡಿ: ಈ ಊರು ಸುಮಾರು 12 ಡಿಗ್ರಿ ಉತ್ತರದಲ್ಲಿದೆ, ಲಕ್ಷದ್ವೀಪದ ಹವಳ ದಿಬ್ಬಗಳು 8ರಿಂದ 12 ಡಿಗ್ರಿಯ ಆಸುಪಾಸಿನಲ್ಲಿವೆ. ಅಲ್ಲಿನ ಹವಳ ಕಾಣುವ ಹಗಲಿಗೂ ನಂಜನಗೂಡು ಸೀಮೆಯ ಹಗಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಡಿಸೆಂಬರ್‌ನಲ್ಲಿ ಹನ್ನೊಂದೂವರೆ ಗಂಟೆಯ ಹತ್ತಿರ, ಜೂನ್‌ನಲ್ಲಿ 13 ಗಂಟೆಗೆ ತುಸು ಕಡಿಮೆ. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವವರನ್ನು ಕಾಡುವುದು ಹಗಲಿನ ಉದ್ದವಲ್ಲ. ಏಪ್ರಿಲ್ಲಿನ ಸೆಕೆ, ಹೋಗಿ ಬರುವ ಕರೆಂಟು, ಮತ್ತು ದೊಡ್ಡ ದೀಪ ತಂದರೆ ಹವಳ ಬೇಗ ಬೆಳೆಯುತ್ತದೆ ಎಂಬ ನಂಬಿಕೆ.

ಮೊದಲು ಜೀವ, ಆಮೇಲೆ ದೀಪ

ಏನು ಸಾಕುತ್ತೀರಿ ಎಂದು ತೀರ್ಮಾನಿಸದೆ ದೀಪ ಕೊಳ್ಳಬೇಡಿ. ಇಲ್ಲಿ ಕಾನೂನೂ ಅಡ್ಡ ಬರುತ್ತದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಲಾಗಿದೆ. ಅಂದರೆ ಹುಲಿ, ಆನೆಗಳ ಸಾಲಿಗೆ. ಮುರುಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋದಾಗ ಒಂದು ಚೂರು ಕಿತ್ತು ತಂದರೂ ಅಪರಾಧವೇ. ಹಾಗಾಗಿ ಮಶ್ರೂಮ್, ಜೋವಾಂಥಿಡ್, ಲೆದರ್ ಕೋರಲ್‌ನಂಥ ಮೆತ್ತನೆಯ ಜೀವಿಗಳತ್ತ ನೋಡಿ. ಅವನ್ನೂ ಬಿಲ್ಲು, ಆಮದಿನ ಕಾಗದಪತ್ರ ತೋರಿಸುವ ಅಂಗಡಿಯಲ್ಲೇ ಕೊಳ್ಳಿ. ಸಂತೋಷದ ಸಂಗತಿಯೆಂದರೆ, ಇವಕ್ಕೆ ಬೇಕಾಗುವ ಬೆಳಕೂ ಕಡಿಮೆ.

ಹವಳದ ಮೈಯೊಳಗೆ ಜೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ. ಬೆಳಕಿನಿಂದ ಅದು ಮಾಡಿಕೊಳ್ಳುವ ಅಡುಗೆಯಲ್ಲಿ ದೊಡ್ಡ ಪಾಲು ಹವಳಕ್ಕೆ ಹೋಗುತ್ತದೆ. ಆ ಪಾಚಿಗೆ ಎಟಕುವ ಬೆಳಕನ್ನು ಅಳೆಯುವ ಮಾನವೇ ಪಾರ್. ಮಶ್ರೂಮ್‌ಗೆ 50ರ ಆಸುಪಾಸು ಸಾಕು, ಜೋವಾಂಥಿಡ್ ಮತ್ತು ಲೆದರ್‌ಗೆ 80ರಿಂದ 150. ಇನ್ನೂರು ಮುನ್ನೂರು ಬೇಕೆನ್ನುವುದು ಕವಲೊಡೆದು ಬೆಳೆಯುವ ಗಟ್ಟಿ ಹವಳ. ಅದು ನಮ್ಮ ಪಟ್ಟಿಯಲ್ಲಿಲ್ಲ.

ದೀಪ ಕೊಳ್ಳುವಾಗ

ನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ, ನೀಲಿ ಆಳಕ್ಕಿಳಿಯುತ್ತದೆ. ಹವಳದ ಪಾಚಿ ಪಳಗಿರುವುದು ಆ ನೀಲಿಗೇ. ಆದ್ದರಿಂದ 420ರಿಂದ 480 ನ್ಯಾನೋಮೀಟರ್ ನೀಲಿ ಧಾರಾಳವಾಗಿದ್ದು, ನೀಲಿ ಮತ್ತು ಬಿಳಿಯನ್ನು ಬೇರೆ ಬೇರೆಯಾಗಿ ಏರಿಳಿಸಬಲ್ಲ ಎಲ್‌ಇಡಿ ಆರಿಸಿ. ಸಿಹಿನೀರಿನ ಗಿಡಗಳಿಗೆಂದು ಮಾರುವ 6500 ಕೆಲ್ವಿನ್ ಬಿಳಿ ದೀಪವೊಂದನ್ನೇ ಹಾಕಿದರೆ ಕಲ್ಲಿನ ಮೇಲೆ ಹಸಿರು ಪಾಚಿಯ ಫಸಲು ಬರುತ್ತದೆ, ಅಷ್ಟೆ. ಹಳೆಯ ಮೆಟಲ್ ಹಾಲೈಡ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದರ ಕಾವಿಗೆ ನಮ್ಮ ಬೇಸಿಗೆಯಲ್ಲಿ ಚಿಲ್ಲರ್ ಇಲ್ಲದೆ ಗತಿಯಿಲ್ಲ.

ಡಬ್ಬಿಯ ಮೇಲೆ ಬರೆದ ವ್ಯಾಟ್ ನಂಬುವ ಬದಲು ಪ್ಲಗ್‌ಗೆ ಸಿಕ್ಕಿಸುವ ಮೀಟರ್‌ನಲ್ಲಿ ಅಳೆದು ನೋಡಿ. ನಿಜಕ್ಕೂ 60 ವ್ಯಾಟ್ ಎಳೆಯುವ ದೀಪ ದಿನಕ್ಕೆ 8 ಗಂಟೆ ಪೂರ್ತಿ ಉರಿದರೆ ತಿಂಗಳಿಗೆ ಸುಮಾರು 14 ಯೂನಿಟ್. ಗೃಹಜ್ಯೋತಿಯ ಉಚಿತ ವಿದ್ಯುತ್ ಪಡೆಯುವವರು ತಮ್ಮ ಮಿತಿ ನೋಡಿಕೊಳ್ಳಲಿ. ಪಂಪು, ಫ್ಯಾನು ಎಲ್ಲ ಸೇರಿ ಮನೆಯ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮೊಬೈಲಿನ ಲಕ್ಸ್ ಆ್ಯಪ್ ನೀಲಿ ಬೆಳಕಿನಡಿ ತಪ್ಪು ಲೆಕ್ಕ ಕೊಡುತ್ತದೆ. ಪಾರ್ ಮೀಟರ್ ದುಬಾರಿ, ಯಾರಾದರೂ ಒಂದು ದಿನದ ಮಟ್ಟಿಗೆ ಕೊಟ್ಟರೆ ಸರಿ, ಇಲ್ಲವಾದರೆ ಹವಳವನ್ನೇ ನೋಡಿ ಕಲಿಯಬೇಕು.

ಹೊತ್ತು ಗೊತ್ತು ಮಾಡುವುದು

ಕಡಲಲ್ಲೂ ಸೂರ್ಯ ಹನ್ನೆರಡು ಗಂಟೆ ಒಂದೇ ಸಮ ಉರಿಯುವುದಿಲ್ಲ; ನೆತ್ತಿಯ ಮೇಲಿರುವ ನಾಲ್ಕೈದು ಗಂಟೆಯೇ ಮುಖ್ಯ. ಪುಸ್ತಕಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ದೀಪ ಹಚ್ಚಿ ಎಂದಿರುತ್ತದೆ. ನಾನು ಹೇಳುವುದು ಬೇರೆ: ಬೇಸಿಗೆಯಲ್ಲಿ ಮಧ್ಯಾಹ್ನದ ಸೆಕೆಗೆ ದೀಪದ ಕಾವನ್ನೂ ಸೇರಿಸಬೇಡಿ. ಮಧ್ಯಾಹ್ನ ಒಂದೂವರೆಗೆ ಮಂದ ನೀಲಿ ಶುರುವಾಗಲಿ. ಮೂರೂವರೆಯಿಂದ ಬಿಳಿ ನಿಧಾನಕ್ಕೆ ಏರಲಿ. ನಾಲ್ಕೂವರೆಯಿಂದ ಎಂಟೂವರೆವರೆಗೆ ಪೂರ್ತಿ ಬೆಳಕು. ಆಮೇಲೆ ಬಿಳಿ ಇಳಿದು ನೀಲಿಯಷ್ಟೇ ಉಳಿದು, ಹತ್ತಕ್ಕೆ ಎಲ್ಲ ಆರಲಿ. ಕೆಲಸ ಮುಗಿಸಿ ಮನೆಗೆ ಬಂದವರಿಗೆ ನೋಡಲೂ ಅದೇ ಹೊತ್ತು ಅನುಕೂಲ. ರಾತ್ರಿ ಮಾತ್ರ ಕತ್ತಲೆಯೇ ಇರಬೇಕು, ಪಕ್ಕದಲ್ಲೇ ಬೆಳಗಿನವರೆಗೆ ಟ್ಯೂಬ್‌ಲೈಟ್ ಉರಿಯಬಾರದು. ತೊಟ್ಟಿಮನೆಯ ಅಂಗಳದ ಬಿಸಿಲೋ ಪೂರ್ವದ ಕಿಟಕಿಯ ಎಳೆಬಿಸಿಲೋ ನೇರ ಬೀಳುವ ಜಾಗದಲ್ಲಿ ಟ್ಯಾಂಕ್ ಇಟ್ಟರೆ ಈ ಲೆಕ್ಕವೆಲ್ಲ ಕೆಟ್ಟಂತೆ.

ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಆಗ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಕಡಿಮೆಯಾದಷ್ಟನ್ನು ಆರ್‌ಓ ನೀರಿನಿಂದಲೇ ತುಂಬಿ.

ಟೈಮರ್ ವಿಚಾರ: ಗುಂಡಿಗಳಿರುವ ತಿರುಗುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ದಿನಕ್ಕೆ ಒಂದು ಗಂಟೆ ಹೋದರೆ ವಾರದಲ್ಲಿ ನಿಮ್ಮ ಟ್ಯಾಂಕಿನ ಸಂಜೆ ನಡುರಾತ್ರಿ ದಾಟಿರುತ್ತದೆ. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ. ಇನ್ವರ್ಟರ್‌ಗೆ ದೀಪವನ್ನು ಸೇರಿಸಬೇಡಿ. ನೀರು ಕದಡುವ ಪಂಪನ್ನು ಸೇರಿಸಿ. ಒಂದೆರಡು ದಿನದ ಕತ್ತಲೆಯನ್ನು ಹವಳ ತಡೆಯುತ್ತದೆ, ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ತಡೆಯದು.

ಏರಿಸುವ ಪರಿ

ಹೊಸ ದೀಪವನ್ನು ನೀರಿನಿಂದ 20–25 ಸೆಂಟಿಮೀಟರ್ ಮೇಲೆ ಕಟ್ಟಿ, ಮೊದಲ ವಾರ ಶೇ 30ರಷ್ಟಕ್ಕೇ ಬಿಡಿ. ಆಮೇಲೆ ವಾರಕ್ಕೆ ಶೇ 5ರಂತೆ ಏರಿಸುತ್ತ ಹವಳವನ್ನು ಗಮನಿಸಿ. ಜೋವಾಂಥಿಡ್‌ನ ದಂಟು ಉದ್ದವಾಗಿ ಮುಖ ದೀಪದತ್ತ ಚಾಚಿದರೆ ಬೆಳಕು ಸಾಲದು. ಮಶ್ರೂಮ್ ಅಂಚು ಮಡಚಿಕೊಂಡು ಮುದುಡಿದರೆ, ಬಣ್ಣ ಪೇಲವವಾಗುತ್ತ ಬಂದರೆ ಹೆಚ್ಚಾಗಿದೆ. ತಕ್ಷಣ ಶೇ 10 ಇಳಿಸಿ, ಇಲ್ಲವೇ ಹವಳವನ್ನು ಟ್ಯಾಂಕಿನ ತಳಕ್ಕೆ ಸರಿಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಯಾವುದು ಫಲಿಸಿತೆಂದು ತಿಳಿಯದು. ಬದಲಾವಣೆಯಾದ ಮೇಲೆ ಎರಡು ವಾರ ಸುಮ್ಮನಿರಿ.

ಉಪ್ಪುನೀರಿನ ಹತ್ತಿರ ಕರೆಂಟಿನ ಕೆಲಸ, ಆದ್ದರಿಂದ ಅರ್ತಿಂಗ್ ಸರಿಯಿರಲಿ, ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿಯನ್ನು ಲೈನಿಗೆ ಹಾಕಿಸಿ. ವೈರು ಸಾಕೆಟ್‌ಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗುವಂತಿದ್ದರೆ ಅದರ ಮೇಲೆ ಇಳಿದ ಹನಿ ಸಾಕೆಟ್ ಸೇರುವ ಬದಲು ನೆಲಕ್ಕೆ ಬೀಳುತ್ತದೆ. ವಾರಕ್ಕೊಮ್ಮೆ ದೀಪವನ್ನು ಆರಿಸಿ, ಪ್ಲಗ್ ಕಿತ್ತು, ಗಾಜಿನ ಮೇಲೆ ಕಟ್ಟಿದ ಉಪ್ಪಿನ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ.